ಬಲ್ಬಿಗೆ ಬುದ್ಧಿ ಬಂದ ಮೇಲೆ

ನಮ್ಮ ಮನೆಯ ಯುಪಿಎಸ್ ಬ್ಯಾಟರಿ ಸತ್ತು ಎರಡು ವರ್ಷವಾಗಿತ್ತು. ಅದಕ್ಕೊಂದು ಗತಿ ಕಾಣಿಸಿ ಅಂತ ನಾನು ಹೇಳದ ವಾರವಿರಲಿಲ್ಲ, ನಮ್ಮನೆಯವರು ‘ಈ ಭಾನುವಾರ’ ಎನ್ನದ ವಾರವೂ ಇರಲಿಲ್ಲ. ಇಂಥ ಮಹಾನುಭಾವರು ರಿಟೈರಾದದ್ದೇ ತಡ, ಮನೆಯ ದೀಪಗಳಿಗೆಲ್ಲ ಬುದ್ಧಿ ಕಲಿಸಲು ಹೊರಟರು. ಮಕ್ಕಳಿಗೆ ಕಲಿಸಬೇಕಾದ ಕಾಲದಲ್ಲಿ ಆಫೀಸಿನಲ್ಲೇ ಇದ್ದರಲ್ಲ, ಆ ಬಾಕಿ ಈಗ ಬಲ್ಬುಗಳ ಮೇಲೆ ತೀರಲಿ ಅಂತ ನಾನೂ ಸುಮ್ಮನಿದ್ದೆ.

ಕಿಡಿ ಹೊತ್ತಿಸಿದವನು ಮಗ. ಅವನಿರುವುದು ನೆದರ್ಲ್ಯಾಂಡ್ಸಿನ ಐಂಡ್‌ಹೋವನ್‌ನಲ್ಲಿ. ಬಲ್ಬಿನಿಂದಲೇ ಬೆಳೆದ ಊರು ಅದು. ಫಿಲಿಪ್ಸ್ ಕಂಪನಿ 1891ರಲ್ಲಿ ಹುಟ್ಟಿದ್ದು ಅಲ್ಲೇ. ರಜಕ್ಕೆ ಬಂದವನು ಚಾಕೊಲೇಟಿನ ಜೊತೆ ನಾಲ್ಕು ಸ್ಮಾರ್ಟ್ ಬಲ್ಬು ತಂದ. ಅಪ್ಪ ಮಗ ಇಬ್ಬರೂ ಸ್ಟೂಲು ಹತ್ತಿ ನೋಡಿದರೆ ಬಲ್ಬು ಕೂರುವುದೇ ಇಲ್ಲ. ನಮ್ಮ ಹೋಲ್ಡರುಗಳೆಲ್ಲ ಪಿನ್ನಿನವು, ಒತ್ತಿ ತಿರುಗಿಸಬೇಕು; ಅಂಗಡಿಯವರ ಭಾಷೆಯಲ್ಲಿ ಬಿ22. ಅವನು ತಂದದ್ದು ತಿರುಪಿನ ಇ27. ಇಪ್ಪತ್ತೆರಡು ಮಿಲಿಮೀಟರಿನ ಮನೆಗೆ ಇಪ್ಪತ್ತೇಳು ಮಿಲಿಮೀಟರಿನ ಅಳಿಯ! ಇಂಜಿನಿಯರಿಂಗ್ ಓದಿದವರು ಎರಡು ತಲೆಮಾರು ಮನೆಯಲ್ಲಿದ್ದೂ ಹೋಲ್ಡರು ನೋಡಿಕೊಳ್ಳಬೇಕು ಅಂತ ಒಬ್ಬರಿಗೂ ಹೊಳೆದಿರಲಿಲ್ಲ. ಕೊನೆಗೆ ಶಿವರಾಂಪೇಟೆಗೆ ಹೋಗಿ ಪಿನ್ನಿನಿಂದ ತಿರುಪಿಗೆ ಬದಲಾಯಿಸುವ ನಾಲ್ಕು ಅಡಾಪ್ಟರ್ ತಂದರು. ಅದನ್ನು ಸಿಕ್ಕಿಸಿದ ಮೇಲೆ ಬಲ್ಬು ಉದ್ದವಾಗಿ, ಗೂಡಿನಿಂದ ಇಣುಕುವ ಗಿಳಿಮರಿಯ ಹಾಗೆ ಶೇಡಿನಿಂದ ಹೊರಗೆ ಬಂತು. ಎಂಬತ್ತನಾಲ್ಕರ ನಮ್ಮ ಅತ್ತೆ ಕೆಳಗಿನಿಂದ ನೋಡಿ, “ಹೊರಗಿನಿಂದ ತಂದದ್ದು ಮನೆಗೆ ಹೊಂದಬೇಕಪ್ಪ” ಅಂದರು. ಅಂದದ್ದು ಬಲ್ಬಿಗೆ, ನೋಡಿದ್ದು ನನ್ನ ಕಡೆ.

ನಾಲ್ಕು ಬಲ್ಬು ಸಾಲದೆ ಹೋಯಿತು. ಮಗ ವಾಪಸು ಹೋದ ಮೇಲೆ ಇವರು ಆನ್‌ಲೈನಿನಲ್ಲಿ ಅಗ್ಗದ ವೈಫೈ ಬಲ್ಬು ಇನ್ನೆಂಟು ತರಿಸಿದರು. ಅದನ್ನು ಫೋನಿಗೆ ಜೋಡಿಸುವ ಶಾಸ್ತ್ರ ಒಂದಿಡೀ ಶನಿವಾರ ನಡೆಯಿತು. ಬಲ್ಬು ಮಿಣಮಿಣ ಅನ್ನುತ್ತದೆ, ಫೋನು ‘ಹುಡುಕುತ್ತಿದ್ದೇನೆ’ ಅನ್ನುತ್ತದೆ, ಇವರು ‘ಬಂತು, ಬಂತು’ ಅನ್ನುತ್ತಾರೆ, ಏನೂ ಬರುವುದಿಲ್ಲ. ಸಂಜೆ ಮಗ ವಿಡಿಯೋ ಕಾಲಿನಲ್ಲಿ ನಕ್ಕ: “ಅಪ್ಪ, ನಿನ್ನ ಫೋನು 5 ಗಿಗಾಹರ್ಟ್ಸ್ ವೈಫೈನಲ್ಲಿ ಕೂತಿದೆ. ಬಲ್ಬಿಗೆ ಗೊತ್ತಿರೋದು 2.4 ಒಂದೇ.” ಹುಡುಗ ಒಂದು ಛತ್ರದಲ್ಲಿ, ಹುಡುಗಿ ಇನ್ನೊಂದು ಛತ್ರದಲ್ಲಿ; ಬೆಳಗಿನಿಂದ ಗಟ್ಟಿಮೇಳ ಬಾರಿಸುತ್ತಿದ್ದವರು ಮಾತ್ರ ನಮ್ಮವರು.

ಅಂತೂ ಹನ್ನೆರಡೂ ಹತ್ತಿಕೊಂಡವು. 1.6 ಕೋಟಿ ಬಣ್ಣ ಅಂತ ಡಬ್ಬಿಯ ಮೇಲೆ ಬರೆದಿತ್ತು. ಇಲ್ಲಿಯವರೆಗೆ ನಾವು ಬಳಸಿದ್ದು ಮೂರು: ಬಿಳಿ, ಹಳದಿ, ಮೊಮ್ಮಗಳು ವಿಡಿಯೋದಲ್ಲಿ ಹಟ ಹಿಡಿದಾಗ ಗುಲಾಬಿ. ಆದರೆ ಡಬ್ಬಿಯ ಮೇಲೆ ಯಾರೂ ದಪ್ಪಕ್ಷರದಲ್ಲಿ ಅಚ್ಚು ಹಾಕದ ಗುಟ್ಟೊಂದಿದೆ. ಗೋಡೆಯ ಸ್ವಿಚ್ಚು ಸದಾ ಆನ್ ಇರಬೇಕು! ಬಲ್ಬು ಉರಿಯದಿರುವಾಗಲೂ ಒಳಗೆ ಕಿವಿ ತೆರೆದು ಕೂತಿರುತ್ತದಂತೆ. ಸ್ವಿಚ್ಚು ಆರಿಸಿದರೆ ಕಿವಿಯೂ ಮುಚ್ಚಿತು. ಆಮೇಲೆ ಫೋನಿನಲ್ಲಿ ಎಷ್ಟು ಒತ್ತಿದರೂ ಅದು ಕಿವುಡು. ಈಗ ನಮ್ಮ ಅತ್ತೆಯನ್ನು ನೆನೆಸಿಕೊಳ್ಳಿ. ಕೋಣೆಯಿಂದ ಹೊರಗೆ ಕಾಲಿಡುವಾಗ ಕೈ ತಾನಾಗಿ ಸ್ವಿಚ್ಚಿಗೆ ಹೋಗುತ್ತದೆ. ಅರವತ್ತು ವರ್ಷದ ಅಭ್ಯಾಸ. ಆ ಕೈಯಿಂದಲೇ ನಮ್ಮ ಮಾವನವರು ಕರೆಂಟು ಬಿಲ್ಲು ಹಿಡಿತದಲ್ಲಿಟ್ಟು ಸೈಟು ಕೊಂಡದ್ದು. ನಮ್ಮವರು ಸ್ವಿಚ್ಚುಗಳ ಮೇಲೆಲ್ಲ ಟೇಪು ಅಂಟಿಸಿ ‘ಮುಟ್ಟಬೇಡಿ’ ಎಂದು ಬರೆದರು. ಅತ್ತೆ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿ, “ಸ್ವಿಚ್ಚಿಗೇನಾಯ್ತೋ? ಗಾಯವಾ?” ಅಂತ ಕೇಳಿ, ಒಂದೊಂದಾಗಿ ಬಿಚ್ಚಿದರು.

ಬಿಚ್ಚಿ ಆರಿಸಿದರಷ್ಟೇ ಆಗಿದ್ದರೆ ಅದು ಬೇರೆ. ಒಂದು ಸಂಜೆ ಫೋನಿನಿಂದ ಆರಿಸಿಟ್ಟಿದ್ದ ದೀಪ ಸ್ವಿಚ್ಚಿಗೆ ಹತ್ತಲಿಲ್ಲವೆಂದು ಅತ್ತೆ ಟಕ್, ಟಕ್, ಟಕ್, ಟಕ್ ಅಂತ ಬಾರಿಸಿದರು. ಬಲ್ಬು ಮಿಣಮಿಣ ಕುಣಿಯತೊಡಗಿತು. ಇಂಥ ಬಲ್ಬುಗಳಲ್ಲಿ ಬಹಳಷ್ಟಕ್ಕೆ ಒಂದು ಸಂಕೇತ ಕಲಿಸಿರುತ್ತಾರೆ: ಬೇಗಬೇಗ ಮೂರೋ ಐದೋ ಸಲ ಹಾಕಿ ಆರಿಸಿದರೆ ‘ಹಳೆಯದೆಲ್ಲ ಮರೆತುಬಿಡು, ಹೊಸ ಸಂಬಂಧ ಹುಡುಕು’ ಅಂತ ಅರ್ಥ. ಅತ್ತೆ ತಮಗೇ ಗೊತ್ತಿಲ್ಲದೆ ವಿಚ್ಛೇದನ ಮಾಡಿಸಿದ್ದರು. ಅವರನ್ನಾದರೂ ಬೇಡಿಕೊಳ್ಳಬಹುದು, ಮೇ ತಿಂಗಳ ಮಳೆಯನ್ನು? ಗುಡುಗು ಶುರುವಾಗಿ ಕರೆಂಟು ಐದಾರು ಸಲ ಕಣ್ಣು ಹೊಡೆದ ರಾತ್ರಿ ಎಂಟು ವೈಫೈ ಬಲ್ಬುಗಳೂ ಒಟ್ಟಿಗೆ ನೆನಪು ಕಳೆದುಕೊಂಡು ಮಿಣುಕಿದವು. ಎದುರುಮನೆಯಾಕೆ ಕಾಂಪೌಂಡಿನಿಂದಲೇ, “ಏನ್ರೀ, ಸಾರ್ ಬರ್ತ್‌ಡೇನಾ?” ಅಂದಳು.

ಇನ್ನೊಂದು ರಾತ್ರಿಯದು ಹೇಳಲೇಬೇಕು. ಹತ್ತು ಗಂಟೆಗೆ ಕರೆಂಟು ಹೋಗಿತ್ತು, ಎಲ್ಲ ಮಲಗಿದೆವು. ಎರಡು ಗಂಟೆಗೆ ಕರೆಂಟು ಬಂತು. ಅದರ ಜೊತೆ ಹನ್ನೆರಡೂ ಬಲ್ಬು, ಹಜಾರ, ಅಡಿಗೆಮನೆ, ಮೂರು ರೂಮು, ವರಾಂಡ, ಪೂರ್ತಿ ಬೆಳಕಿನಲ್ಲಿ ಧಗ್ ಅಂತ ಎದ್ದು ನಿಂತವು. ಕರೆಂಟು ಹೋಗಿ ಬಂದರೆ ಪೂರ್ತಿ ಉರಿ ಎಂಬುದು ಬಹಳಷ್ಟು ಸ್ಮಾರ್ಟ್ ಬಲ್ಬುಗಳ ಹುಟ್ಟುಗುಣ. ನಮ್ಮವರು ಫೋನು ಹಿಡಿದರು. ರೂಟರು ಇನ್ನೂ ಆಕಳಿಸುತ್ತ ಏಳುತ್ತಿತ್ತು, ಅದು ಎದ್ದು ಕೂರಲು ಎರಡು ಮೂರು ನಿಮಿಷ. ಸ್ವಿಚ್ಚಿಗೆ ಓಡಿದರು; ಅವರೇ ಎರಡನೇ ಸಲ ಅಂಟಿಸಿದ ಟೇಪು, ಈ ಸಲ ಇನ್ನೂ ಗಟ್ಟಿಯದು. ಉಗುರಿನಿಂದ ಕೆರೆಯುತ್ತ ನಿಂತಿದ್ದಾಗ ಅತ್ತೆ ಮಂಚದ ಮೇಲೆ ಎದ್ದು ಕೂತು, ಅಂಗೈ ನೋಡಿಕೊಂಡು, ಬೆಳಗಿನ ಶ್ಲೋಕ ಮುಗಿಸಿ, “ಕಾಫಿ ಆಯ್ತೇನೇ?” ಅಂದರು. ನಾನು ಕಾಫಿ ಮಾಡಿದೆ. ಎರಡೂ ಇಪ್ಪತ್ತಕ್ಕೆ ಮೂರು ಜನ ಫಿಲ್ಟರ್ ಕಾಫಿ ಕುಡಿದೆವು, ಇನ್ನೇನು ಮಾಡುವುದು? ನನ್ನ ಮಾತು ಕೇಳುವುದಾದರೆ, ಬಲ್ಬು ಕೊಳ್ಳುವಾಗ ಎಷ್ಟು ಬಣ್ಣ ಅಂತ ವಿಚಾರಿಸಬೇಡಿ. ಕರೆಂಟು ವಾಪಸು ಬಂದಾಗ ಹಿಂದೆ ಹೇಗಿತ್ತೋ ಹಾಗೇ ಇರುವ ಸೆಟ್ಟಿಂಗ್ ಇದೆಯಾ ಅಂತ ಕೇಳಿ. ಇಲ್ಲ ಅಂದರೆ ಡಿಕಾಕ್ಷನ್ ಇಳಿಸಿಟ್ಟು ಮಲಗಿ.

ಮಾತಿಗೆ ಹತ್ತುವ ದೀಪ ಬೇಕೆಂದು ಮಾತು ಕೇಳುವ ಡಬ್ಬಿಯೊಂದೂ ಬಂತು. ಅದರ ಕಥೆ ಚಿಕ್ಕದು. ಅಭಿಮಾನಕ್ಕೆ ಇವರು ನಡುಮನೆಯ ದೀಪಕ್ಕೆ ‘ಹಜಾರ’ ಅಂತ ಹೆಸರಿಟ್ಟರು, ಡಬ್ಬಿಗೆ ಬರುವುದು ಇಂಗ್ಲಿಷು ಹಿಂದಿ. ಸಾವಿರ ದೀಪ ಎಲ್ಲಿ ಅಂತ ಅದು ಹುಡುಕಿತೋ ಏನೋ, ‘ಕ್ಷಮಿಸಿ’ ಅಂತು. ಅತ್ತೆಗಂತೂ ‘ದೀಪ ಆರಿಸು’ ಎಂಬ ಮಾತೇ ಅಪಶಕುನ. “ದೀಪ ಶಾಂತ ಮಾಡಮ್ಮ” ಅಂತ ಡಬ್ಬಿಗೆ ಕೈಮುಗಿದು ಹೇಳಿದರು. ಅದು ಬಹಳ ಹೊತ್ತು ಶಾಂತವಾಗಿಯೇ ಇತ್ತು.

ಇಷ್ಟಾದರೂ ನನಗೆ ಅರ್ಥವಾಗದ್ದು ಒಂದು. ಇಂಟರ್‌ನೆಟ್ ಹೋದ ದಿನ ದೀಪವೂ ಯಾಕೆ ಹೋಗಬೇಕು? ಕೇಳಿದರೆ, ಈ ಅಗ್ಗದ ಬಲ್ಬುಗಳಲ್ಲಿ ಕೆಲವು ಅಪ್ಪಣೆಯನ್ನು ನೇರವಾಗಿ ತೆಗೆದುಕೊಳ್ಳುವುದಿಲ್ಲವಂತೆ. ಅದು ಯಾವುದೋ ದೇಶದ ಸರ್ವರಿಗೆ ಹೋಗಿ ಬರಬೇಕಂತೆ. ಶಿವನಸಮುದ್ರದ ಕರೆಂಟು ಸುಮಾರು ನೂರೈವತ್ತು ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ತಲುಪಿದ್ದು 1902ರಲ್ಲಿ, ಬೆಂಗಳೂರಿನ ಬೀದಿದೀಪಕ್ಕೆ 1905ರಲ್ಲಿ. ಯಾವ ಸಮುದ್ರವನ್ನೂ ದಾಟದೆ. ನಮ್ಮ ಸೋಫಾದಿಂದ ಬಲ್ಬಿಗೆ ಎಂಟು ಅಡಿ, ಅದಕ್ಕೆ ಪರದೇಶ ಯಾತ್ರೆ! ಆ ಸರ್ವರಿನವನು ಅಂಗಡಿ ಮುಚ್ಚಿದರೆ ಗತಿಯೇನು? ಮುಚ್ಚಿದ್ದೂ ಉಂಟು. ಅಮೆರಿಕದ ಇನ್‌ಸ್ಟಿಯಾನ್ ಕಂಪನಿ 2022ರ ಏಪ್ರಿಲ್‌ನಲ್ಲಿ ಗಿರಾಕಿಗಳಿಗೆ ಮೊದಲೇ ಒಂದು ಮಾತು ಹೇಳದೆ ಸರ್ವರು ನಿಲ್ಲಿಸಿಬಿಟ್ಟಿತು. ಅದೇ ವರ್ಷ ಅಕ್ಟೋಬರಿನಲ್ಲಿ ‘ಮ್ಯಾಟರ್’ ಎಂಬ ಹೊಸ ಮಾನಕ ಬಂತು. ಬೇರೆ ಬೇರೆ ಕಂಪನಿಯ ಸಾಮಾನು ಮನೆಯೊಳಗೇ ಮಾತಾಡಿಕೊಳ್ಳಲಿ ಅಂತ. ಡಬ್ಬಿಯ ಮೇಲೆ ಆ ಹೆಸರಿದ್ದರೆ ಒಳ್ಳೆಯದೇ ಎಂದು ಮಗ ಹೇಳುತ್ತಾನೆ.

ಮಗ ತಂದ ನಾಲ್ಕು ಬಲ್ಬುಗಳದು ಬೇರೆ ಜಾತಿ, ಜಿಗ್‌ಬೀ. ಇವಕ್ಕೆ ವೈಫೈ ಬೇಡ, ರೂಟರಿಗೆ ಭಾರವಿಲ್ಲ. ಬ್ರಿಡ್ಜ್ ಎಂಬ ಪುಟ್ಟ ಪೆಟ್ಟಿಗೆ ಇದ್ದರೆ ಇಂಟರ್‌ನೆಟ್ ಸತ್ತರೂ ಮನೆಯೊಳಗಿನ ಸಂಸಾರ ನಡೆಯುತ್ತದೆ. ಜೇನುಹುಳ ಗೂಡಿಗೆ ಬಂದು ಕುಣಿದು ಹೂವಿನ ಸುದ್ದಿ ತಿಳಿಸುತ್ತದಲ್ಲ, ಜಿಗ್‌ಬೀ ಎಂಬ ಹೆಸರು ಅದರಿಂದ. ಇಲ್ಲಿ ಒಂದು ಬಲ್ಬು ಪಕ್ಕದ ಬಲ್ಬಿಗೆ, ಅದು ಅದರಾಚೆಯದಕ್ಕೆ ಸುದ್ದಿ ದಾಟಿಸುತ್ತದೆ, ಥೇಟ್ ನಮ್ಮ ಬೀದಿಯ ಹಾಗೆ. ನಡುವಿನ ಬಲ್ಬಿನ ಸ್ವಿಚ್ಚನ್ನು ಅತ್ತೆ ಆರಿಸಿದರೆ ವರಾಂಡಕ್ಕೆ ಸುದ್ದಿ ಮುಟ್ಟುವುದಿಲ್ಲ. ನಮ್ಮ ಬೀದಿಯಲ್ಲಾದರೆ ಎದುರುಮನೆಯಾಕೆ ಊರಿಗೆ ಹೋದ ವಾರ ಹೀಗಾಗುತ್ತದೆ.

ಎಲ್ಲವನ್ನೂ ಒಂದೇ ಸೂರಿನಡಿ ತರಲು ಹೋಮ್ ಅಸಿಸ್ಟೆಂಟ್ ಎಂಬ ಪುಕ್ಕಟೆ ತಂತ್ರಾಂಶವಿದೆ, 2013ರಿಂದ ಬೆಳೆದು ಬಂದದ್ದು. ಪುಕ್ಕಟೆ ಅಂದ ಕೂಡಲೇ ನಮ್ಮವರು ಅದನ್ನು ಓಡಿಸಲು ಪುಟ್ಟ ಕಂಪ್ಯೂಟರು, ಜಿಗ್‌ಬೀ ಕಡ್ಡಿ, ಕೇಬಲ್ಲು ಕೊಂಡರು. ಆ ದುಡ್ಡಿಗೆ ಯುಪಿಎಸ್ ಬ್ಯಾಟರಿ ಬರುತ್ತಿತ್ತು ಅಂತ ನಾನು ಹೇಳಲಿಲ್ಲ. ಎರಡು ಸಲಕ್ಕಿಂತ ಹೆಚ್ಚು ಹೇಳಲಿಲ್ಲ.

ದಾರಿ ತೋರಿಸಿದವನು ಕೊನೆಗೆ ನಮ್ಮ ವೈರಿಂಗ್ ಹುಡುಗ. ಬೇರೇನೋ ರಿಪೇರಿಗೆ ಬಂದವನು ಟೇಪು ನೋಡಿ, “ಸಾರ್, ಬಲ್ಬಿಗ್ಯಾಕೆ ಬುದ್ಧಿ? ಬೋರ್ಡಿಗೆ ಕೊಡಿ” ಅಂದ. ಸ್ವಿಚ್ಚಿನ ಹಿಂದೆ ಬೆಂಕಿಪೊಟ್ಟಣದಷ್ಟು ದೊಡ್ಡ ರಿಲೇ ಕೂರಿಸಿದರಾಯಿತು. ಕೈಯಲ್ಲಿ ಒತ್ತಿದರೂ ಹತ್ತುತ್ತದೆ, ಫೋನಿನಲ್ಲಿ ಒತ್ತಿದರೂ ಹತ್ತುತ್ತದೆ, ಬಲ್ಬು ಮಾಮೂಲಿ ಒಂಬತ್ತು ವ್ಯಾಟಿನದು. ಬೋರ್ಡಿನೊಳಗೆ ನ್ಯೂಟ್ರಲ್ ವೈರು ಇರಬೇಕು ಅಷ್ಟೇ. ಪ್ಲಗ್ ಪಾಯಿಂಟ್ ಇರುವ ಬೋರ್ಡಿನಲ್ಲಿ ಇರುತ್ತದೆ, ಬರೀ ಸ್ವಿಚ್ಚಿನ ಹಳೇ ಬೋರ್ಡಿನಲ್ಲಿ ಬಿಚ್ಚಿ ನೋಡಬೇಕು. ಆ ಹುಡುಗ ಅಡಿಗೆಮನೆಯ ಮುಚ್ಚಿದ ಗಾಜಿನ ಬುರುಡೆಯಲ್ಲಿದ್ದ ಸತ್ತ ಸ್ಮಾರ್ಟ್ ಬಲ್ಬನ್ನೂ ಇಳಿಸಿ ಕೊಟ್ಟ. ಎಲ್‌ಇಡಿ ಬೇಗ ಸಾಯುವುದಿಲ್ಲ, ಬುಡದಲ್ಲಿರುವ ಡ್ರೈವರು ಸೆಕೆಗೆ ಬೆಂದು ಸಾಯುತ್ತದಂತೆ. ಅದಕ್ಕೇ ನಮ್ಮವರು ರಾತ್ರಿ ಊಟದ ಹೊತ್ತಿಗೆ ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ಅಗ್ನಿಶಾಮಕ ಠಾಣೆಯ ಬಲ್ಬಿನ ಪುರಾಣ ತೆಗೆದರು. 1901ರಿಂದ ಉರಿಯುತ್ತಿದೆ ಅದು. 2013ರಲ್ಲಿ ಒಮ್ಮೆ ಆರಿತು, ಹೋಯಿತು ಅಂತ ಎಲ್ಲ ಹೆದರಿದರೆ, ಬಲ್ಬು ಸರಿಯಾಗೇ ಇತ್ತು; ಕೈಕೊಟ್ಟದ್ದು ಅದಕ್ಕೆ ಕೂಡಿಸಿದ್ದ ಯುಪಿಎಸ್. ಆ ಮಾತು ಬಾಯಿಂದ ಬಿದ್ದ ಮೇಲೆ ಅವರು ನನ್ನ ಮುಖ ನೋಡಲಿಲ್ಲ. ಅನ್ನಕ್ಕೆ ಮಜ್ಜಿಗೆ ಕಲೆಸಿಕೊಂಡರು.

ಆ ಭಾನುವಾರ ಬ್ಯಾಟರಿ ಬಂತು. ಬೋರ್ಡುಗಳಿಗೆ ರಿಲೇ ಕೂತವು. ಟೇಪು ಹೋಯಿತು, ಅದರ ಅಂಟು ಇನ್ನೂ ಇದೆ. ಸ್ಮಾರ್ಟ್ ಬಲ್ಬು ಉಳಿದದ್ದು ಒಂದೇ, ಅತ್ತೆಯ ಮಂಚದಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ. ಮಂಚದ ಕೆಳಗೆ ಚಲನೆ ಗುರುತಿಸುವ ಸೆನ್ಸಾರ್ ಒಂದನ್ನು ಅಂಟಿಸಿದ್ದಾರೆ. ರಾತ್ರಿ ಅತ್ತೆ ಕಾಲು ಕೆಳಗಿಟ್ಟರೆ ಸಾಕು, ಹಣತೆಯಷ್ಟು ಹಳದಿ ಬೆಳಕು, ನೂರರಲ್ಲಿ ಹತ್ತು ಪಾಲು, ಮೆಲ್ಲಗೆ ಏರುತ್ತದೆ. ಅವರು ಮಲಗಿದ ಮೇಲೆ ತಾನೇ ಇಳಿಯುತ್ತದೆ. ಬಂದ ಬೆಳಕಿಗೆ ಅತ್ತೆ ಪ್ರತಿಸಲವೂ ಕೈಮುಗಿದು, ಆಮೇಲೆ ಗೋಡೆ ಹಿಡಿದುಕೊಂಡು ಹೋಗುತ್ತಾರೆ. ಇಷ್ಟು ದಿನದ ಗಲಾಟೆಯಲ್ಲಿ ಇದೊಂದಕ್ಕೆ ನಾನೂ ಬಾಯಿ ಮುಚ್ಚಿಕೊಂಡೆ.

ಮೊನ್ನೆ ಬೆಳಿಗ್ಗೆ ಕಾಫಿಗೆ ಕೂತಾಗ ನಮ್ಮವರು ಫೋನು ನೋಡುತ್ತ, ಬಹಳ ಹೆಮ್ಮೆಯಿಂದ, “ಅಮ್ಮ, ನಿನ್ನೆ ರಾತ್ರಿ ನೀನು ನಾಲ್ಕು ಸಲ ಎದ್ದಿದ್ದೀಯ. 11.40, 1.15, 3.05, 4.50” ಅಂದರು.

ಅತ್ತೆ ಲೋಟ ಕೆಳಗಿಟ್ಟರು. “ನನ್ನ ಬಚ್ಚಲಿನ ಲೆಕ್ಕ ಇಡೋಕೆ ಇಷ್ಟು ಖರ್ಚು ಮಾಡಿದೆಯೇನೋ?” ಅಂದರು. ಆಮೇಲೆ ನನ್ನ ಕಡೆ ತಿರುಗಿ, “ಆ ಟೇಪು ಇನ್ನೂ ಇದೆಯೇನೇ, ಸ್ವಲ್ಪ ಕೊಡು.”