ಖಾಕಿಗೆ ಫಾರಿನ್ ಲುಕ್

ಮಂಗಳೂರಿನ ಹಂಪನಕಟ್ಟೆಯ ಬಟ್ಟೆ ಅಂಗಡಿಯೊಂದು. ಮೇ ತಿಂಗಳ ಸೆಖೆ. ಗಾಜಿನೊಳಗಿನ ಬೊಂಬೆಗೆ ಮಾತ್ರ ಕೋಟು, ಮೇಲೊಂದು ಮಫ್ಲರ್.

"ಇದು ನೋಡಿ ಸರ್, ಚೈನೋಸ್. ಖಾಕಿ ಶೇಡ್. ಪಕ್ಕಾ ಫಾರಿನ್ ಲುಕ್ ಉಂಟು."

ನಿವೃತ್ತ ರಾಯರು ಸೊಂಟದ ಪಟ್ಟಿ ತಿರುವಿ ಹೊಲಿಗೆ ನೋಡಿದರು. "ಖಾಕಿ ಎಂತ ಫಾರಿನ್ ಮಾರಾಯ? ಇಲ್ಲೇ ಬಲ್ಮಠದಲ್ಲಿ ಹುಟ್ಟಿದ್ದಲ್ವಾ!"

ರಾಯರದು ಬರೀ ಊರಭಿಮಾನವಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಹಂಚಿನಂತೆ ಬಟ್ಟೆಯನ್ನೂ ತಯಾರಿಸಿದರು. 1850ರ ದಶಕದಲ್ಲಿ ಬಲ್ಮಠದ ಅವರ ನೇಯ್ಗೆ ಕಾರ್ಖಾನೆಯ ಜಾನ್ ಹಾಲರ್ ಖಾಕಿ ಬಣ್ಣ ಹದಗೊಳಿಸಿದರೆಂಬ ಖ್ಯಾತಿಯಿದೆ. (ಪಂಜಾಬಿನ ಗೈಡ್ಸ್ ಪಡೆ ಅದಕ್ಕೂ ಮೊದಲೇ ಮಣ್ಣಿನ ಬಣ್ಣ ತೊಟ್ಟಿತ್ತು, ಅದನ್ನು ರಾಯರೆದುರು ಹೇಳುವ ಧೈರ್ಯ ಯಾರಿಗೂ ಇಲ್ಲ.)

"ಹಾಗಾದ್ರೆ ಲೋಕಲ್ ಹೆರಿಟೇಜ್ ಸರ್! 2,999 ಮಾತ್ರ."

"ಸಿಟಿ ಬಸ್ಸಿನ ಕಂಡಕ್ಟರ್ ದಿನಾ ಹಾಕುವುದು ಇದೇ ಬಣ್ಣ ಅಲ್ವಾ?"

"ಅದು ಯೂನಿಫಾರ್ಮ್ ಸರ್. ಇದು ಸ್ಲಿಮ್ ಫಿಟ್."

ಟ್ರಯಲ್ ರೂಮಿನಿಂದ ಸ್ವಲ್ಪ ಹೊತ್ತು ಏದುಸಿರು ಕೇಳಿಸಿತು.

"ಗುಂಡಿ ಕೂಡುವುದಿಲ್ಲ ಮಾರಾಯ!"

"ಸ್ಟ್ರೆಚ್ ಆಗ್ತದೆ ಸರ್, ನೀವು ಉಸಿರು ಬಿಡಬೇಡಿ."

"ಒಂದು ಕಾಟನ್ ಲುಂಗಿ ಉಂಟಾ?"

"ಉಂಟು ಸರ್. ಎರಡನೇ ಮಹಡಿ, ಎಥ್ನಿಕ್ ವೇರ್. ರೇಟ್ ಸ್ವಲ್ಪ ಜಾಸ್ತಿ."