ಕಾಲಿನ ವರ್ಗಾವಣೆ: ಬಳಕೆದಾರರ ಕೈಪಿಡಿ

ಕಿಕ್‌ಬಾಕ್ಸಿಂಗ್‌ನಲ್ಲಿ ಪಳಗಿದ ಒಂದು ಜೊತೆ ಕಾಲು ನಿಮ್ಮಲ್ಲಿದ್ದು, ಈಗ ಬಾಕ್ಸಿಂಗ್‌ಗೆ ಹೊರಟಿದ್ದೀರಾದರೆ ಈ ಕೈಪಿಡಿ ನಿಮಗಾಗಿ. ಕಾಲುಗಳನ್ನು ಕಳಚಿ ಅಟ್ಟಕ್ಕೆ ಹಾಕಬೇಕಿಲ್ಲ. ಅವುಗಳಿಗೆ ವರ್ಗಾವಣೆಯಾಗಿದೆ, ಅಷ್ಟೇ: ಹೊಡೆಯುವ ಇಲಾಖೆಯಿಂದ ಸಾರಿಗೆ ಇಲಾಖೆಗೆ. ವರ್ಗವಾದವರೆಲ್ಲರ ಹಾಗೆ ಅವೂ ಕೆಲವು ತಿಂಗಳು ಹಳೇ ಕುರ್ಚಿಯನ್ನೇ ನೆನೆಯುತ್ತಿರುತ್ತವೆ.

ಮೊದಲು ಮನೆಯವರಿಗೆ ತಿಳಿಸಿ. "ಕಾಲು ಬಿಟ್ಟು ಬರೀ ಕೈಯಲ್ಲೇ ಹೊಡೆಯೂದಾ? ಹಂಗಾದ್ರೆ ಫೀಸು ಅರ್ಧ ಆಗ್ಬೇಕಲ ತಮಾ?" ಎಂದು ಅಂಕೋಲೆಯ ಅಮ್ಮ ಕೇಳಿಯೇ ಕೇಳುತ್ತಾರೆ. ಲೆಕ್ಕ ಉಲ್ಟಾ ಎಂದು ವಿನಯದಿಂದ ಹೇಳಿ. ಹವ್ಯಾಸಿ ಕಿಕ್‌ಬಾಕ್ಸಿಂಗ್‌ನ ಸುತ್ತು 2 ನಿಮಿಷದ್ದು. ಹವ್ಯಾಸಿ ಬಾಕ್ಸಿಂಗ್‌ನದು 3 ನಿಮಿಷ. ಎರಡರಲ್ಲೂ ಮೂರೇ ಸುತ್ತು. ಕಾಲು ಕೆಲಸ ಬಿಟ್ಟಿತೆಂದು ಗಡಿಯಾರ ಕರುಣೆ ತೋರುವುದಿಲ್ಲ.

ಪರೀಕ್ಷಾ ಸ್ಥಳ: ಕಾರವಾರದ ಟಾಗೋರ್ ಕಡಲತೀರ. 1883ರಲ್ಲಿ, ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದ ರವೀಂದ್ರರು ಒಂದು ನಾಟಕವನ್ನೇ ಬರೆದು ಹೋದರು. ನೀವು ಹೆಜ್ಜೆ ಮೂಡಿಸಿದರೆ ಸಾಕು. ಒಣ ಮರಳು ಬೇಡ, ಅದು ಯಾವ ಸಾಕ್ಷಿಯನ್ನೂ ಉಳಿಸುವುದಿಲ್ಲ. ತೆರೆ ಈಗಷ್ಟೇ ಹಿಂದೆ ಸರಿದ ಗಟ್ಟಿ ಒದ್ದೆ ಮರಳಲ್ಲಿ ನಿಂತು, ಜ್ಯಾಬ್ ಹೊಡೆಯುತ್ತ ಮುಂದೆ ಸಾಗಿ, ತಿರುಗಿ ನೋಡಿ. ಮುಂದಿನ ಪಾದದ ಗುರುತು ತೇಲಿ, ಹಿಂದಿನದು ಆಳವಾಗಿ ಕೂತಿದೆಯೇ? ಹಾಗಾದರೆ ಮುಂಗಾಲು ಇನ್ನೂ ಹಳೇ ಇಲಾಖೆಯಲ್ಲೇ ಹಾಜರಿ ಹಾಕುತ್ತಿದೆ. ತೊಡೆಗೆ ಬೀಳುವ ಒದೆತವನ್ನು ತಡೆಯಲು ಎತ್ತಬೇಕಾಗುತ್ತದೆಂದು ಅದು ಭಾರವನ್ನೇ ಹೊರುತ್ತಿಲ್ಲ. ಇಲ್ಲಿ ಯಾರೂ ಒದೆಯುವುದಿಲ್ಲವೆಂದು ಅದಕ್ಕೆ ತಿಳಿಹೇಳಿ, ಭಾರ ಹಂಚಿ. ಬೆರಳುಗಳು ನೇರ ಎದುರಾಳಿಯನ್ನೇ ನೋಡುತ್ತಿದ್ದರೆ ಸ್ವಲ್ಪ ಒಳಗೆ ತಿರುಗಿಸಿ, ಮೈಯನ್ನೂ ಓರೆ ಮಾಡಿ. ಮೊದಲಾದರೆ ಇದೇ ನಿಲುವಿಗೆ ಮೀನಖಂಡ ಸುಂಕ ಕಟ್ಟಬೇಕಿತ್ತು. ಗುರುತುಗಳು ಒಂದನ್ನೊಂದು ದಾಟಿದ್ದರೆ ಮಾತ್ರ ಇನ್ನೊಂದು ತೆರೆ ಬಂದು ಅಳಿಸಲಿ, ಯಾರಿಗೂ ತೋರಿಸಬೇಡಿ.

ಎಚ್ಚರಿಕೆ. ಜೊತೆಗಾರ ಸುಮ್ಮನೆ ಭುಜ ಅಲುಗಿಸಿದರೂ ನಿಮ್ಮ ಮೊಣಕಾಲು ತಾನಾಗಿ ಮೇಲೇಳಬಹುದು. ಒಂಟಿ ಕಾಲಲ್ಲಿ ನಿಂತವನನ್ನು ಕೆಡವಲು ದೊಡ್ಡ ಹೊಡೆತ ಬೇಡ, ಹಗುರ ಜ್ಯಾಬ್ ಸಾಕು. ಬೈದರೆ ಈ ರೋಗ ಹೋಗುವುದಿಲ್ಲ. ಜೊತೆಗಾರನಿಗೆ ನೂರು ಸಲ ಸುಳ್ಳು ಹೊಡೆತ ಹೊಡೆಯಲು ಹೇಳಿ, ಪ್ರತಿ ಸಲವೂ ಮುಂಗಾಲನ್ನು ನೆಲಕ್ಕೆ ಒತ್ತಿ. ಕಾರವಾರದ ಸೆಕೆಯಲ್ಲಿ ಐವತ್ತಕ್ಕೇ ಅಂಗಿ ಹಿಂಡುವ ಹಾಗಾದರೆ ಅದನ್ನು ಉತ್ಪನ್ನದ ದೋಷವೆಂದು ಪರಿಗಣಿಸಲಾಗುವುದಿಲ್ಲ.

ತಲೆಯ ವಿಷಯ ಇನ್ನೂ ಕಷ್ಟ. ಬಗ್ಗಿದ ತಲೆಗೆ ಒದೆ ಬೀಳುತ್ತದೆಂದು ವರ್ಷಗಟ್ಟಲೆ ಕಲಿತವನಿಗೆ "ಬಗ್ಗು, ಹೊಡೆತದ ಕೆಳಗೆ ನುಸುಳು" ಎಂದರೆ ಕೋಚ್ ಮೇಲೇ ಅನುಮಾನ ಬರುತ್ತದೆ. ಹಾಗಾಗಿ ಸಾಮಾನ್ಯವಾಗಿ ಆತ ಮಾಡುವುದೇನು? ನೆಟ್ಟಗೆ ಹಿಂದಕ್ಕೆ ಸರಿಯುತ್ತಾನೆ, ಒದೆಯುವ ದೂರಕ್ಕೆ. ಅಲ್ಲಿ ಕೈ ಎಟುಕುವುದಿಲ್ಲ, ಕಾಲಿಗೆ ಅನುಮತಿ ಇಲ್ಲ. ಹಗ್ಗ ಬೆನ್ನಿಗೆ ತಾಗುವವರೆಗೆ ಪ್ರೇಕ್ಷಕನಾಗಿ ನಿಲ್ಲಬೇಕು. ನನ್ನ ಮಟ್ಟಿಗೆ ಈ ಒಂದು ಗಜದ ಭಯ ದಾಟುವುದೇ ಇಡೀ ಬಾಕ್ಸಿಂಗ್. ಹುಕ್ಕು, ಅಪ್ಪರ್‌ಕಟ್ಟು ಆಮೇಲೆ ಬಂದಾವು. ಸೊಂಟ ಮುರಿಯದೆ ಮಂಡಿ ಮಡಚಿ ತಗ್ಗಿ, ಒಳಗೆ ನುಗ್ಗಿ. ಆದರೆ ಎದುರಾಳಿಯ ಬೆಲ್ಟಿಗಿಂತ ಕೆಳಗೆ ತಲೆ ಇಳಿಸಿದರೆ ಫೌಲ್. ಗಿರಕಿ ಹೊಡೆದು ಮುಷ್ಟಿಯ ಹಿಂಬದಿಯಿಂದ ಬೀಸುವುದೂ ಫೌಲ್. ಒದೆತದ ಬಗ್ಗೆ ಬೇರೆ ಹೇಳಬೇಕೇ?

ಮೊಣಕೈ ಪಕ್ಕೆಗೆ ಅಂಟಿರಲಿ. ಯಕೃತ್ತು ನಿಮ್ಮ ಬಲಗಡೆ ಇದೆ ಎಂಬುದು ಎದುರಾಳಿಗೂ ಗೊತ್ತು.

ಈ ಬದಲಾವಣೆ ಆಗುವಂಥದ್ದೇ ಎಂಬ ಶಂಕೆ ಉಳ್ಳವರು ಅಸ್ಸಾಮಿನ ಕಡೆ ನೋಡಬಹುದು. ಲವ್ಲಿನಾ ಬೊರ್ಗೊಹೈನ್ ಅವಳಿ ಅಕ್ಕಂದಿರ ಹಾದಿಯಲ್ಲಿ ಕಿಕ್‌ಬಾಕ್ಸಿಂಗ್‌ನಿಂದ ಶುರುಮಾಡಿ ಬಾಕ್ಸಿಂಗ್‌ಗೆ ಬಂದವರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ 69 ಕೆಜಿ ವಿಭಾಗದ ಕಂಚು, 2023ರಲ್ಲಿ 75 ಕೆಜಿಯಲ್ಲಿ ವಿಶ್ವ ಚಾಂಪಿಯನ್ ಪಟ್ಟ. ಕಿಕ್‌ಬಾಕ್ಸಿಂಗ್ ಒಲಿಂಪಿಕ್ಸ್‌ನಲ್ಲಿ ಇಲ್ಲದಿರುವುದರಿಂದ ಇಂಥ ವರ್ಗಾವಣೆ ಕೋರಿ ಅರ್ಜಿ ಹಾಕುವವರಿಗೆ ಕೊರತೆಯಿಲ್ಲ.

ಕೆಳಗಿನ ಸಂದರ್ಭದಲ್ಲಿ ವಾರಂಟಿ ಅನ್ವಯಿಸದು: ಮೇ ತಿಂಗಳಲ್ಲಿ ಅಂಕೋಲೆಯ ಕರಿ ಇಶಾಡ ಮಾವು ತಿಂದು ತೂಕದ ವಿಭಾಗ ಬದಲಾದರೆ. 2023ರಲ್ಲಿ ಆ ಹಣ್ಣಿಗೆ ಭೌಗೋಳಿಕ ಸೂಚಕ ಸಿಕ್ಕಿದೆ. ತೂಕದ ಯಂತ್ರ ಅದನ್ನು ಮಾನ್ಯ ಮಾಡುವುದಿಲ್ಲ.

ಕೊನೆಯದಾಗಿ, ನೀವು ಹಿಂದೆ ಕಿಕ್‌ಬಾಕ್ಸರ್ ಆಗಿದ್ದಿರೆಂದು ಎದುರಾಳಿಗೆ ಯಾರಾದರೂ ಹೇಳಿದ್ದರೆ ಅಲ್ಲಗಳೆಯಬೇಡಿ. ಗಂಟೆ ಹೊಡೆದ ಮೇಲೆ ಅವನ ಕಣ್ಣು ಒಂದು ಕ್ಷಣ ನಿಮ್ಮ ಸೊಂಟದ ಕೆಳಗೆ ಹೋಗಿಯೇ ಹೋಗುತ್ತದೆ. ಜ್ಯಾಬ್ ಹೊಡೆಯಿರಿ.