ಬುಧವಾರದ ಗಂಡ

ನನ್ನ ಹೆಂಡತಿಗೆ ಘಾನಾ ದೇಶದ ಅಕ್ರೊಪಾಂಗ್‌ನಲ್ಲಿ ಪಾಠ ಹೇಳುವ ಕೆಲಸ ಬಂದಾಗ ಮಂಗಳೂರಿನ ನಮ್ಮ ಕ್ರೈಸ್ತ ಸಭೆಯವರು ಹಾರ ಹಾಕಿ ಕಳಿಸಿಕೊಟ್ಟರು. ನನಗೂ ಒಂದು ಹಾರ ಬಿತ್ತು. ಆದರೆ 'ಜೊತೆಗೆ ಅವರ ಯಜಮಾನರೂ ಹೋಗುತ್ತಿದ್ದಾರೆ' ಎಂದು ಪ್ರತಿಯೊಬ್ಬ ಭಾಷಣಕಾರರೂ ಹೇಳಿದ ಧಾಟಿ, ಜೊತೆಗೆ ಎರಡು ಸೂಟ್‌ಕೇಸೂ ಹೋಗುತ್ತಿವೆ ಎನ್ನುವ ಹಾಗಿತ್ತು. ಬ್ಯಾಂಕಿನ ಸಾಲದ ವಿಭಾಗದಲ್ಲಿ ಕುಳಿತು ಊರಿಗೆಲ್ಲ 'ನಾಳೆ ಬನ್ನಿ' ಎಂದು ಹೇಳಿ, ಸ್ವಯಂ ನಿವೃತ್ತಿ ತೆಗೆದುಕೊಂಡವನು ನಾನು. ಇಲ್ಲಿ ಬಂದವರಿಗೆ ನಾಳೆ ಬನ್ನಿ ಎನ್ನುವಂತಿಲ್ಲ. ಅತಿಥಿಸತ್ಕಾರದ ಖಾತೆ ಪೂರ್ತಿ ನನ್ನದೇ.

ರಾಜಧಾನಿ ಅಕ್ರಾದಿಂದ ಉತ್ತರಕ್ಕೆ ಗುಡ್ಡ ಹತ್ತಿದರೆ ನಮ್ಮೂರು. ಮಿಶನ್ ಕೇರಿಗೆ ಸೇಲಂ ಎಂದು ಹೆಸರು. ದಪ್ಪ ಗೋಡೆ, ಉದ್ದದ ಜಗಲಿ, ಕಂಪೌಂಡಿನಲ್ಲಿ ಮಾವಿನ ಮರ ಎಲ್ಲ ನೋಡಿದಾಗ ವಿಮಾನ ಸುಮ್ಮನೆ ಒಂದು ಸುತ್ತು ಹೊಡೆದು ಮತ್ತೆ ಮಂಗಳೂರಿನ ಬಲ್ಮಠದ ಮಿಶನ್ ಕಂಪೌಂಡಿಗೇ ತಂದು ಇಳಿಸಿತೋ ಎಂದು ಅನುಮಾನವಾಗಿತ್ತು. ಆಗಬೇಕಾದ್ದೇ. ಸ್ವಿಟ್ಸರ್ಲೆಂಡಿನ ಬಾಸೆಲ್ ಮಿಶನಿನ ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ, ಅಕ್ರೊಪಾಂಗ್‌ಗೆ 1835ರಲ್ಲಿ. ನಮ್ಮಲ್ಲಿಗೆ ಬಂದ ಹೆಬಿಕ್ ದೊರೆಗಳು ಇಪ್ಪತ್ತೈದು ವರ್ಷ ಗಟ್ಟಿಯಾಗಿ ನಿಂತರು. ಇಲ್ಲಿಯ ಕರಾವಳಿಗೆ 1828ರಲ್ಲಿ ಬಂದಿಳಿದ ನಾಲ್ವರಲ್ಲಿ ಮೂವರು ವರ್ಷ ತುಂಬುವ ಮೊದಲೇ ತೀರಿಕೊಂಡರು. ಆಮೇಲೆ ಬಂದ ಆಂಡ್ರಿಯಾಸ್ ರೀಸ್ ಎಂಬವರು ಊರಿನ ನಾಟಿವೈದ್ಯರ ಮದ್ದಿನಿಂದ ಬದುಕಿಕೊಂಡು ಗುಡ್ಡ ಹತ್ತಿದರು. ಆ ಗೋರಿಗಳನ್ನೆಲ್ಲ ನೋಡಬೇಕೆಂದು ಸ್ವಿಟ್ಸರ್ಲೆಂಡಿನಿಂದ ಒಂದು ತಂಡ ಹೊರಟು ಬಂತು. ಅದೇ ವಾರ ಪಕ್ಕದ ಮನೆಯ ಮಗುವಿನ ನಾಮಕರಣ. ಅದೇ ವಾರ ಸಭೆಯ ಹಿರಿಯಜ್ಜನಿಗೆ ತೊಂಬತ್ತು ತುಂಬುವುದು. ಭಾನುವಾರ ಬೆಳೆಹಬ್ಬ. ಹೆಂಡತಿಗೆ ಪರೀಕ್ಷೆಯ ಪೇಪರು ತಿದ್ದುವ ಗಡಿಬಿಡಿ. 'ನೀವು ಉಂಟಲ್ಲ ಮಾರಾಯ್ರೆ' ಎಂದು ಕನ್ನಡಕ ಹಾಕಿಕೊಂಡು ಕುಳಿತಳು.

ಇಲ್ಲಿ ಮನೆಗೆ ಬಂದವರನ್ನು 'ಎಂತ ಬಂದದ್ದು?' ಎಂದು ಬಾಗಿಲಲ್ಲೇ ಕೇಳುವ ಕ್ರಮವಿಲ್ಲ. ಮೊದಲು ಕೂರಿಸಬೇಕು, ನೀರು ಕೊಡಬೇಕು, ಬಲಗಡೆಯಿಂದ ಶುರುಮಾಡಿ ಎಲ್ಲರ ಕೈ ಕುಲುಕಬೇಕು. ಆಮೇಲೆ ಮನೆಯವನು 'ಇಲ್ಲಿ ಎಲ್ಲ ಸಮಾಧಾನ, ದಾರಿ ನಡೆದು ಬಂದವರು ನೀವು, ನೀವೇ ಹೇಳಿ' ಎನ್ನಬೇಕು. ಬಂದ ಕಾರಣ ಊರಿಗೆಲ್ಲ ಗೊತ್ತಿದ್ದರೂ ಕೇಳಲೇಬೇಕು. ಸ್ವಿಸ್ ಅತಿಥಿಗಳಿಗೆ ಈ ಮರ್ಯಾದೆ ತಪ್ಪಬಾರದೆಂದು ಹಿರಿಯಜ್ಜ ಸ್ವತಃ ಬಂದು ನನ್ನ ಪಕ್ಕ ಕುಳಿತಿದ್ದರು. ನಾನು ಎದ್ದು ನಿಂತು ಗಂಭೀರವಾಗಿ 'ಇಲ್ಲಿ ಎಲ್ಲ ಸಮಾಧಾನ' ಎಂದೆ. ಅಷ್ಟು ಹೊತ್ತಿಗೆ ಒಳಗೆ ಗ್ಯಾಸ್ ಮುಗಿದಿತ್ತು, ಕರೆಂಟು ಹೋಗಿ ಮಿಕ್ಸಿಯಲ್ಲಿ ಅಕ್ಕಿ ಅರ್ಧ ನುರಿದು ನಿಂತಿತ್ತು. ಅಜ್ಜನ ಹುಟ್ಟುಹಬ್ಬಕ್ಕೆಂದು ಯಾರೋ ತಂದು ನಮ್ಮ ಜಗಲಿಯ ಕಂಬಕ್ಕೆ ಕಟ್ಟಿದ್ದ ಆಡು, ಬುಟ್ಟಿಯಲ್ಲಿ ಕವುಚಿ ಇಟ್ಟಿದ್ದ ಕೆಸುವಿನ ಎಲೆಯನ್ನು ಒಂದೊಂದಾಗಿ ಎಳೆದು, ದಂಟು ಮಾತ್ರ ಬಿಟ್ಟು ತಿನ್ನುತ್ತಿತ್ತು. ನನಗೆ ಅದು ಚೆನ್ನಾಗಿ ಕಾಣುತ್ತಿತ್ತು. ಆದರೆ ಅತಿಥಿಗಳ ಮುಖ್ಯಸ್ಥರು ಕಾರ್ಯಕ್ರಮದ ಹಾಳೆ ಬಿಡಿಸಿ, ತಾವು ಬಂದ ಕಾರಣವನ್ನು ನಿಮಿಷ ನಿಮಿಷದ ಲೆಕ್ಕದಲ್ಲಿ ಓದತೊಡಗಿದ್ದರು. ಎಲ್ಲ ಸಮಾಧಾನ ಎಂದು ಈಗಷ್ಟೇ ಹೇಳಿದವನು ಆಡಿನ ಹಿಂದೆ ಓಡುವುದು ಹೇಗೆ?

ಎಲೆಯ ವಿಷಯ ಹೇಳಬೇಕು. ರೀಸ್ 1843ರಲ್ಲಿ ಜಮೈಕಾ ಮತ್ತು ಆಂಟಿಗುವಾದಿಂದ ಕೆಲವು ಕ್ರೈಸ್ತ ಕುಟುಂಬಗಳನ್ನು ಕರೆತಂದು ಅಕ್ರೊಪಾಂಗ್‌ನಲ್ಲಿ ನೆಲೆಗೊಳಿಸಿದರು. ಮಾವು, ಬೆಣ್ಣೆಹಣ್ಣುಗಳ ಜೊತೆಗೆ ಕೆಸುವಿನ ಒಂದು ಜಾತಿಯೂ ಅವರ ಸಂಗಡ ಬಂತೆನ್ನುತ್ತಾರೆ. ಅದರ ಎಲೆಗೆ ಇಲ್ಲಿ ಕೊಂಟೊಮಿರೆ ಎಂದು ಹೆಸರು. ಸಂತೆಯಲ್ಲಿ ಅದರ ಕಟ್ಟು ಕಂಡ ದಿನವೇ ನನಗೆ ನನ್ನ ಜೀವನದ ಉದ್ದೇಶ ತಿಳಿಯಿತು. ಘಾನಾದವರು ಅದನ್ನು ತಾಳೆ ಎಣ್ಣೆ, ಒಣಮೀನು ಹಾಕಿ ಸಾರು ಮಾಡಿ ಸುಮ್ಮನೆ ವ್ಯರ್ಥ ಮಾಡುತ್ತಿದ್ದಾರೆ, ಈ ಜನರಿಗೆ ಕೆಸುವಿನ ಎಲೆಗೆ ಅಕ್ಕಿಹಿಟ್ಟು ಸವರಿ ಬೇಯಿಸುವ ನಮ್ಮೂರ ಪತ್ರೊಡೆಯ ಬೆಳಕು ತೋರಿಸಬೇಕು! ನಮ್ಮ ಹಳೆಯ ಪಾದ್ರಿ ದೊರೆಗಳಿಗೆ ಹಡಗು ಹತ್ತುವಾಗ ಇದ್ದ ಹುರುಪು ಎಂಥದ್ದೆಂದು ಆವತ್ತು ಗೊತ್ತಾಯಿತು.

ರಾತ್ರಿ ಎರಡು ಗಂಟೆಗೆ ಕರೆಂಟು ಬಂತು. ಎದ್ದು, ಊರಿಂದ ತಂದಿದ್ದ ಹುಳಿಯ ಕೊನೆಯ ಉಂಡೆ ಹಾಕಿ ರುಬ್ಬಿದೆ. ಆಡು ಉಳಿಸಿದ ಎಲೆಗಳಿಗೆ ಹಿಟ್ಟು ಸವರಿ, ಸುತ್ತಿ, ಇದ್ದಲಿನ ಒಲೆಯ ಮೇಲೆ ಹಬೆಯಲ್ಲಿ ಬೇಯಿಸಿದೆ. ಮುಗಿಯುವಾಗ ನಾಮಕರಣಕ್ಕೆ ಹೊರಡುವ ಹೊತ್ತು. ಇಲ್ಲಿ ಹುಟ್ಟಿದ ಎಂಟನೆಯ ದಿನ ನಸುಕಿನಲ್ಲೇ ಮಗುವನ್ನು ಹೊರಗೆ ತಂದು ಹೆಸರಿಡುತ್ತಾರೆ, ಬಂದವರು ಬಿಳಿ ಬಟ್ಟೆ ಹಾಕುತ್ತಾರೆ. ಸೂಟು ಕಪ್ಪು, ಅಂಗಿಗಳೆಲ್ಲ ಚೌಕುಳಿ. ಬಿಳಿಯೆಂದು ನನ್ನಲ್ಲಿದ್ದದ್ದು ಪಂಚೆ ಒಂದೇ. ಉಟ್ಟು ಹೋದೆ. ಅದರ ಮೇಲೂ ಅಲ್ಲಲ್ಲಿ ಪತ್ರೊಡೆಯ ಹಿಟ್ಟು ಇತ್ತಂತೆ. ಯಾರೂ ಹೇಳಲಿಲ್ಲ, ಫೋಟೋ ಹೇಳಿತು.

ಅಜ್ಜನ ಹುಟ್ಟುಹಬ್ಬದ ಊಟಕ್ಕೆ ಪತ್ರೊಡೆ ಬಡಿಸಿದೆವು. ಸ್ವಿಸ್ ಅತಿಥಿಗಳು ತುಂಬ ಸ್ವಾರಸ್ಯಕರ ಎಂದರು. ಸ್ವಾರಸ್ಯಕರ ಎಂದ ತಿಂಡಿಯನ್ನು ಎರಡನೆಯ ಸಲ ಯಾರೂ ಕೇಳುವುದಿಲ್ಲ. ಅಜ್ಜ ಮಾತ್ರ ಒಂದು ತುಂಡು ಎತ್ತಿ ಆಡಿನ ಸಾರಿಗೆ ಹಾಕಿದರು. ಬೆರಳಲ್ಲಿ ಒತ್ತಿ, ಇಲ್ಲಿಯ ಮುದ್ದೆ ಫೂಫೂ ಎಂದು ತಿಳಿದು, ಅಗಿಯದೆ ಹಾಗೇ ನುಂಗಿದರು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕುಳಿತು, 'ಒಳ್ಳೆಯದು. ಒಳಗೆ ಮೀನು ಹಾಕುವುದು ಮರೆತಿದ್ದೀರಿ' ಎಂದರು.

ನನಗೆ ರೋಷ ಬಂತು. ಮಾತು ಬದಲಿಸಲು ನಮ್ಮ ಕಿಟೆಲ್ ಸಾಹೇಬರ ನಿಘಂಟಿನ ವಿಷಯ ತೆಗೆದೆ. ಬಾಸೆಲ್ ಮಿಶನಿನವರೇ, ಕನ್ನಡಕ್ಕಾಗಿ ಬಾಳು ಸವೆಸಿದವರು, 1894ರಲ್ಲಿ ಅಚ್ಚಾಯಿತು ಎಂದೆ. ಅಜ್ಜ ಹಲ್ಲಿನ ಸಂದಿಯಿಂದ ಎಲೆಯ ನಾರು ತೆಗೆಯುತ್ತ, 'ನಮ್ಮ ಕ್ರಿಸ್ಟಾಲರ್ ಅವರ, ನಮ್ಮ ಟ್ವಿ ಭಾಷೆಯ ನಿಘಂಟು 1881' ಎಂದರು. ಹದಿಮೂರು ವರ್ಷ! ನಮ್ಮದು ದಪ್ಪ ಹೆಚ್ಚು ಎಂದೆ. ಮೇಜಿನ ಆಚೆಯಿಂದ ಹೆಂಡತಿ ಕಾಲು ಒದ್ದಳು.

ಭಾನುವಾರದ ಬೆಳೆಹಬ್ಬದಲ್ಲಿ ಕಾಣಿಕೆ ಎತ್ತುವ ಕ್ರಮ ನಮ್ಮ ಊರಿನ ಗಾಂಭೀರ್ಯದ್ದಲ್ಲ. ಹುಟ್ಟಿದ ವಾರದ ಪ್ರಕಾರ ಕರೆಯುತ್ತಾರೆ. ಸೋಮವಾರದವರು ಕರವಸ್ತ್ರ ಬೀಸುತ್ತ ಕುಣಿದುಕೊಂಡು ಹೋಗಿ ಹಾಕಬೇಕು, ಆಮೇಲೆ ಮಂಗಳವಾರದವರು. ಯಾವ ವಾರದವರು ಎಷ್ಟು ಹಾಕಿದರೆಂದು ಮೈಕಿನಲ್ಲಿ ಕೂಗುತ್ತಾರೆ. ನನ್ನ ಹೆಂಡತಿ ಹುಟ್ಟಿದ್ದು ಸ್ವರ್ಗಾರೋಹಣದ ಹಬ್ಬದ ದಿನ, ಆದ್ದರಿಂದ ಗುರುವಾರ. ಇಲ್ಲಿ ಹುಟ್ಟಿದ ವಾರದಿಂದಲೇ ಹೆಸರು, ಹಾಗಾಗಿ ಅವಳು ಯಾ. ಇಂಗ್ಲಿಷರ ವಿರುದ್ಧ 1900ರಲ್ಲಿ ಯುದ್ಧಕ್ಕೆ ನಿಂತ ರಾಣಿತಾಯಿ ಯಾ ಅಸಾಂಟೆವಾ ಅವರ ಹೆಸರು. ನನ್ನ ವಾರ ತಿಳಿಯಲು ಮಂಗಳೂರಿಗೆ ಅಕ್ಕನಿಗೆ ಫೋನು ಮಾಡಿದ್ದೆ. 'ಬುಧವಾರ ಮಾರಾಯ, ಎಂತ ವಿಶೇಷ ಇಲ್ಲ' ಎಂದಳು. ಬುಧವಾರದ ಗಂಡಸು ಕ್ವಾಕು. ಕತೆಗಳಲ್ಲಿ ಊರಿಗೆಲ್ಲ ಟೋಪಿ ಹಾಕುವ ಜೇಡ ಉಂಟಲ್ಲ, ಕ್ವಾಕು ಅನಾನ್ಸೆ, ಅವನದೇ ಹೆಸರು. ಹೀಗಾಗಿ ಸಭೆಯಲ್ಲಿ ನಮ್ಮ ಜೋಡಿಯನ್ನು ಕಂಡರೆ ಮಕ್ಕಳಿಗೂ ನಗು.

ಆ ದಿನ ಬುಧವಾರದವರ ಮೊತ್ತ ಎಲ್ಲರಿಗಿಂತ ಕಡಿಮೆ ಎಂದು ಮೈಕು ಹೇಳಿತು. ಮತ್ತೊಂದು ಅವಕಾಶ ಕೊಟ್ಟರು. ಬ್ಯಾಂಕಿನವನ ಮಾನ! ಕುಣಿಯಲು ಬಾರದ ಸೊಂಟ ಹಿಡಿದುಕೊಂಡೇ ಹೋಗಿ ಪರ್ಸು ಪೂರ್ತಿ ಕೊಡವಿ ಬಂದೆ. ಆದರೂ ಗುರುವಾರದವರೇ ಗೆದ್ದರು.

ಆಮೇಲೆ ಕಾಣಿಕೆಯಾಗಿ ಬಂದ ಬೆಳೆಯ ಏಲಂನಲ್ಲಿ ಗೆಣಸಿನ ರಾಶಿ, ಬಾಳೆಗೊನೆ, ಹುಂಜ ಎಲ್ಲ ಒಳ್ಳೆಯ ಬೆಲೆಗೆ ಹೋದವು. ಕಡೆಗೆ ನಾನು ಕಾಣಿಕೆಗೆಂದು ಕೊಟ್ಟಿದ್ದ, ಉಳಿದ ಪತ್ರೊಡೆಯ ಬುಟ್ಟಿ ಮೇಲೆದ್ದಿತು. ಕೂಗುವವನಿಗೆ ಅದು ಏನೆಂದು ಹೇಳಲು ಗೊತ್ತಾಗದೆ 'ಇಂಡಿಯಾ' ಎಂದಷ್ಟೇ ಕೂಗಿದ. ಯಾರೂ ಬಾಯಿ ಬಿಡಲಿಲ್ಲ. ಅಜ್ಜ ಐವತ್ತು ಸೆಡಿ ಎಂದರು, ದಯೆಯಿಂದ. ಆಗ ಗುರುವಾರದ ಸಾಲಿನಿಂದ ನನ್ನ ಹೆಂಡತಿ ಇನ್ನೂರು ಎಂದಳು. ಚಪ್ಪಾಳೆಯೋ ಚಪ್ಪಾಳೆ. ಅವಳು ನನ್ನ ಕಡೆ ಕೈ ಚಾಚಿದಳು. ನಾನು ಖಾಲಿ ಪರ್ಸು ತೆರೆದು ತೋರಿಸಿದೆ.

ಖಜಾಂಚಿ ದೊಡ್ಡ ಪುಸ್ತಕ ತೆಗೆದು ಬಾಕಿಯ ಪುಟದಲ್ಲಿ 'ಕ್ವಾಕು, 200' ಎಂದು ಬರೆದರು. ಆಮೇಲೆ ಪೆನ್ನು ಎತ್ತಿ, ಈ ಸಾಲ ವಸೂಲಾಗುತ್ತದೆಯೇ ಎಂದು ನನ್ನನ್ನು ಕೇಳದೆ ಅವಳನ್ನು ಕೇಳಿದರು. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಯಾರನ್ನಾದರೂ ಜಾಮೀನು ಹಾಕಿಸಿಕೊಳ್ಳಿ ಎಂದಳು.